ನೋಡಾಕ ರೊಕ್ಕಿಲ್ಲ

ನೋಡಾಕ ರೊಕ್ಕಿಲ್ಲ ಅಂತೀನಿ. ಮೊದಲ ಮಾತು ಅದ.
ಇಂಗ್ಲಿಷಿನ್ಯಾಗ ಒಮ್ಮಿ, ಹಿಂದಿಯೊಳಗ ಒಮ್ಮಿ,
ಬೆನ್ನು ಕೆಂಪಗ ಸುಟಗೊಂಡು ಬೋರಲ ಬಿದ್ದಾಕಿಗೆ
ರಷ್ಯಾದ ಮಾತಿನ್ಯಾಗ.
ಅವರ ಎಣಿಕಿ ನನಗ ನೂರರ ತನಕ ಬರತೈತಿ.
ನೂರರ ಮ್ಯಾಲಿಂದು ಉಸುಕಿನ್ಯಾಗ ಬೆರಳಿಲೆ ಬರದು ತೋರಸ್ತೀನಿ,
ತೆರಿ ಬಂದು ಅಳಸೂದ್ರಾಗ ವ್ಯಾಪಾರ ಮುಗೀಬೇಕು.

ಹೆಸರು ಕೇಳಿದರ ಲೀಸಾ.
ತಾಂಡಾದಾಗ ಇಟ್ಟದ್ದು ಥಾವರಿಬಾಯಿ.
ಅದನ್ನ ಅನ್ನಾಕ ಹೋಗಿ ಒಬ್ಬ ಮುದುಕ ಕೆಮ್ಮು ಹತ್ತಿ ನೀರು ಕುಡದ,
ಅವತ್ತ ಬಿಟ್ಟೆ.
ಹೆಗಲಮ್ಯಾಲ ಹನ್ನೊಂದು ಕಿಲೋ:
ಕನ್ನಡಿ ಹಚ್ಚಿದ ಹೊದಿಕಿ, ಕವಡಿ ಚೀಲ, ಕಾಲಗೆಜ್ಜಿ,
ನೂರು ವರ್ಷದ್ದು ಅಂತ ಹೇಳೂ ಕಸೂತಿ.
ಹೋದ ಮಂಗಳವಾರ ಮೋತಿಡೊಂಗರದ ಖೋಲ್ಯಾಗ
ಕರೆಂಟ್ ಹೋದಾಗ ಮೊಬೈಲ್ ಬೆಳಕಿನ್ಯಾಗ ನಾನ ಹೊಲದದ್ದು.
ಸುಳ್ಳಂದ್ರ ಸುಳ್ಳ.
ಹೊಲಗಿ ಮಾತ್ರ ನಮ್ಮ ಯಾಡಿ ಕಲಿಸಿದ್ದು, ಅಕಿಗೆ ಅಕಿ ಯಾಡಿ,
ಹಂಗ ಹಿಂದಕ್ಕ ಎಣಿಸಿದರ ನೂರು ಆಗೇ ಆಗತಾವು.

ಬೆಳಿಗ್ಗಿ ಕೊಲ್ವಾದಾಗ ಬಲಿ ಎಳಿಯೂ ಹೊತ್ತು.
ಇಪ್ಪತ್ತು ಮಂದಿ ಹಗ್ಗಾ ಹಿಡದು ಹಿಂದ ಹಿಂದ ನಡೀತಾರ,
ಫೋಟೋಕ್ಕ ಅಂತ ಹೊಟೇಲಿನವರೂ ಒಂದೀಟು ಹಿಡೀತಾರ.
ಕೈತಾನ ನನಗ ನಾಕು ಬಂಗಡೆ ಒಗೀತಾನ.
ಪೊಲೀಸರು ಕಂಡರ ನನ್ನ ಗಂಟು ಅವನ ದೋಣಿ ಬುಡಕ್ಕ,
ನಾನು ಬರಿಗೈಲೆ ನಿಂತು ಸಮುದ್ರ ನೋಡೂ ಹೆಂಗಸು.
ಅವಾಗಷ್ಟ ನಾ ಸಮುದ್ರ ನೋಡೂದು.

ಮಧ್ಯಾಹ್ನ ಬೆನ್ನಿಗೆ ಛತ್ರಿ ಕಟಗೊಂಡು ಹಾರೋರು ಹಾರತಾರ,
ಕೆಳಗ ಚಪ್ಪಲಿ ಕಾಯತಾನ ಯಾವನೋ ಗಂಡ.
ಡಾಲ್ಫಿನ್ ತೋರಸ್ತೀನಿ ಅಂತ ಕರಕೊಂಡು ಹೋದ ಬೋಟು
ವಾಂತಿ ಮಾಡಕೊಂಡವರನ್ನ ಇಳಿಸಿ ಹೋಗತೈತಿ.
ಕಿವಿ ಸ್ವಚ್ಛ ಮಾಡೂ ಇದ್ರೀಸ, ಕಡ್ಡಿ ಟೊಪಗಿಗೆ ಸಿಗಿಸಿ,
"ಇವತ್ತ ಎರಡ ಕಿವಿ" ಅಂದ.
ಒಬ್ಬನವಾ?
"ಇಬ್ಬರವು. ಒಂದ ಕಿವಿ ಆಗೂದ್ರಾಗ ಹೆದರಿ ಎದ್ದ ಹೋದರು."

ನಾಕು ಗಂಟೆಕ್ಕ ಬಂತು ಆ ಸಂಸಾರ.
ಗಂಡಗ ಹೂವಿನ ಚಡ್ಡಿ, ಬೆಲಿಚೀಟಿ ಇನ್ನೂ ಜೋತಾಡತಿತ್ತು.
ಹೆಂಡ್ತಿ ನೆರಿಗಿ ಎತ್ತಿ ಹಿಡದು ತೆರಿಗೆ ಬೈಯಾಕ ಹತ್ತಿದ್ಲು.
ಐದ ವರ್ಷದ್ದೊಂದು ಕೂಸು.
ಹೌ ಮಚ್? ಅಂದ್ಲು. ತ್ರೀ ಹಂಡ್ರೆಡ್ ಅಂದೆ.
ಗಂಡನ ಕಡೆ ಹೊಳ್ಳಿ, ಹುಬ್ಬಳ್ಳಿ ಕನ್ನಡದಾಗ,
"ನೂರರ ಮ್ಯಾಲ ಒಂದ ರೂಪಾಯಿ ಕೊಡಬ್ಯಾಡ್ರಿ,
ಇವರೆಲ್ಲಾ ಕಳ್ಳರು."
ನಾ ನಕ್ಕೆ. ಕನ್ನಡ ಬರದವರು ಹೆಂಗ ನಗತಾರ ಹಂಗ.
ಎಂಟ ವರ್ಷದಾಗ ಆ ನಗು ರೂಢಿ ಆಗೇತಿ.
ಕೂಸಿನ ಕಾಲು ತೊಡಿಮ್ಯಾಲ ಇಟಗೊಂಡು,
ಉಸುಕು ಒರಸಿ, ಗೆಜ್ಜಿ ದಾರ ಕಟ್ಟಾಕ ಹತ್ತಿದೆ.
"ಅವ್ವಾ, ಬಿಗಿ ಆತು" ಅಂತು ಕೂಸು.
ನನ್ನ ಬೆರಳು ಸಡ್ಲ ಮಾಡಿದವು.
ನಾನಲ್ಲ, ಬೆರಳು.

ಅಕಿ ನನ್ನ ಮಾರಿ ನೋಡಿದ್ಲು.
ನಾ ಗಂಟು ನೋಡಿದೆ.
ಒಂದು ತೆರಿ ಬಂದು ಹೋತು, ಇನ್ನೊಂದು ಬಂತು.
"ಯಾವೂರವ್ವಾ ನಿಂದು?"
ಗಜೇಂದ್ರಗಡದ ಕಡೆ, ಅಂದೆ.
"ಅಯ್ಯ ಶಿವನ! ನಮ್ಮಕ್ಕನ್ನ ಕೊಟ್ಟದ್ದು ರೋಣದಾಗ!
ಹಂಗಾರ ನಮ್ಮಾಕಿನ ಆತು ಬಿಡು.
ಎಂಬತ್ತಕ್ಕ ಕೊಡು."

ಅದಕ್ಕ ನೋಡ್ರಿ, ನಾ ಲೀಸಾ.

ಎಂಬತ್ತಕ್ಕ ಕೊಟ್ಟೆ.
ಅಕಿ ಬ್ಯಾಗಿನ ತಳಕ್ಕ ಕೈ ಹಾಕಿ ಹಾಕಿ
ಪೇಪರಿನ್ಯಾಗ ಸುತ್ತಿದ ಶೇಂಗಾ ಚಟ್ನಿ ತಗದು ನನ್ನ ಮಡಲಾಗಿಟ್ಲು.
"ಇಲ್ಲಿ ಎಲ್ಲಾದಕ್ಕೂ ಬರೇ ತೆಂಗಿನಕಾಯಿ, ಹೆಂಗರ ಉಣ್ತೀಯೋ" ಅಂದ್ಲು.
ಕೂಸು ಝಲ್ಲಂತ ತೆರಿ ಕಡೆ ಓಡಿತು,
ಅದರ ಹಿಂದ ಗಂಡ, ಅವನ ಹಿಂದ ಬೆಲಿಚೀಟಿ.

ರಾತ್ರಿ ಖೋಲ್ಯಾಗ ರೊಟ್ಟಿಗೆ ಆ ಚಟ್ನಿ ಹಚಗೊಂಡೆ.
ಉಪ್ಪು ಸರಿ ಇತ್ತು. ಬಳ್ಳೊಳ್ಳಿ ಒಂಚೂರು ಹೆಚ್ಚು.
ಎರಡನೇ ತುತ್ತಿಗೆ ಹಲ್ಲಾಗ ಉಸುಕು ಕರಕ್ ಅಂತು.
ಎಷ್ಟ ಜಾಡಿಸಿದರೂ ಲಂಗದ ಅಂಚಿಗೆ ಹತ್ತಿ ಮನೀ ತನಕ ಬರತೈತಿ ಅದು.
ಉಗುಳಲಿಲ್ಲ, ನುಂಗಿದೆ.
ಚಟ್ನೀನೂ ಹೋಗತಿತ್ತಲ್ಲ.